ಅಖಾಡ ನಮ್ಮದಾದರ ನ್ಯಾಯ

(ರಾಣೆಬೆನ್ನೂರಿನ ಒಂದು ಚಹಾದಂಗಡಿ. ಬ್ಯಾಡಗಿ ಕಡೆಯ ಹೋರಿ ಮಾಲೀಕ ಮಾವ. ಆಸ್ಟ್ರೇಲಿಯಾದ ಪರ್ತ್‌ನಿಂದ ರಜೆಗೆ ಬಂದ ಅಳಿಯ.)

ಮಾವ: ಹಾವೇರಿ ಹೋರಿ ಹಬ್ಬದಾಗ ಬರೇ ಅನ್ಯಾಯ! ನಮ್ಮ ಹೋರಿ ಟೆಂಪೋದಾಗ ನಿಂತು ನಿಂತು ಕಾಲು ಸೋತು ಬಂತು. ಅವರೂರಿನ ಹೋರಿ ಕೊಟ್ಟಿಗಿಯಿಂದ ಸೀದಾ ಅಖಾಡಕ್ಕ! ನಮ್ಮದರ ಕೊಬ್ಬರಿ ಸರ ಹರದ್ರು, ಸೋತ್ವಿ.

ಅಳಿಯ: ಪರ್ತ್‌ನ ಆಸ್ಟ್ರೇಲಿಯನ್ ಫುಟ್‌ಬಾಲ್ ತಂಡದವರು ಮೆಲ್ಬರ್ನ್‌ಗೆ 2,700 ಕಿ.ಮೀ. ಹಾರ್ತಾರ, ಮಾವ.

ಮಾವ: ಫೈನಲ್ಲರ ನಡುವಿನ ಊರಾಗ ಇಡ್ತಾರಿಲ್ಲೋ?

ಅಳಿಯ: ಎಲ್ಲೀದು! 2059ರ ತನಕ ಮೆಲ್ಬರ್ನ್ ಮೈದಾನಕ್ಕ ಬರೆದುಕೊಟ್ಟಾರ. ಕೋವಿಡ್ ಬಂದಾಗಷ್ಟ 2020ಕ್ಕ ಬ್ರಿಸ್ಬೇನ್, 2021ಕ್ಕ ಪರ್ತ್.

ಮಾವ: ಅಂದ್ರ ನ್ಯಾಯ ಬರಬೇಕಂದ್ರ ಮೊದಲು ರೋಗ ಬರಬೇಕು!

ಅಳಿಯ: ನಮ್ಮ ಬೆಂಗಳೂರು ಬುಲ್ಸ್ ಕಬಡ್ಡಿ ತಂಡ 2017ರಾಗ ತವರಿನ ಪಂದ್ಯ ಆಡಿದ್ದು ನಾಗಪುರದಾಗ.

ಮಾವ: ಅದರಾಗೇನೈತಿ? ಬಳ್ಳಾರಿ, ರಾಯಚೂರಿನ ಮೆಣಸಿನಕಾಯಿ ನಮ್ಮ ಮಾರ್ಕೆಟ್ಟಿನಾಗ ಇಳಿದ ಕೂಡಲೇ ಬ್ಯಾಡಗಿ ಆಗೂದಿಲ್ಲೇನು?

ಅಳಿಯ: ಹಂಗಾರ ಒಂದು ನಿಯಮ ಮಾಡ್ರಿ. ಪರ ಊರಿನ ಹೋರಿ ಎಷ್ಟು ದೂರ ಬರತೈತೋ, ಊರ ಹೋರಿನೂ ಟೆಂಪೋದಾಗ ಅಷ್ಟ ದೂರ ತಿರುಗಿಸಿ ತರಬೇಕು.

ಮಾವ: ಭೇಷ್! ಹಾವೇರಿಯವರಿಗೆ ಇವತ್ತ ಅರ್ಜಿ ಕೊಡೂಣು.

ಅಳಿಯ: ಮುಂದಿನ ವಾರ ನಿಮ್ಮೂರಾಗೂ ಹಬ್ಬ ಐತೆಲ್ಲ? ಸಮಿತಿ ಅಧ್ಯಕ್ಷರು ನೀವ ಅಂತ.

ಮಾವ: (ಬಸಿಗೆ ಸುರಿದ ಚಹಾ ಊದುತ್ತ) ಹುಚ್ಚಪ್ಪಾ, ಮೂಕ ಪ್ರಾಣಿನ ಸುಮ್ಮನ ಟೆಂಪೋ ಹತ್ತಿಸೂದು ಹಿಂಸೆ ಅಲ್ಲೇನು? ನಮ್ಮೂರಾಗ ಇರೂದು ಅನ್ಯಾಯ ಅಲ್ಲ, ಸಂಪ್ರದಾಯ!