ಶಿಶುವಿನ ಪ್ರಥಮ ಕ್ರಿಸ್‌ಮಸ್: ಒಂದು ಬಹುಶಿಸ್ತೀಯ ಅನುಸಂಧಾನ

ಶಿಶುವೊಂದು ಹುಟ್ಟಿದ ಮೇಲೆ ಎದುರಾಗುವ ಮೊದಲ ಕ್ರಿಸ್‌ಮಸ್ ಋತುವನ್ನು, ಅಂದರೆ ಡಿಸೆಂಬರ್ 25ಕ್ಕೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಆಗಮನ ಕಾಲದಿಂದ ಹಿಡಿದು ಜನವರಿ 6ರ ಮೂರು ರಾಜರ ಹಬ್ಬದವರೆಗಿನ ಅವಧಿಯನ್ನು, ಒಂದು ಸಾಂಸ್ಕೃತಿಕ ಪಠ್ಯವಾಗಿ ಪರಿಗಣಿಸಿ, ಅದರ ಸಂಕಥನಾತ್ಮಕ ನೆಲೆಗಳನ್ನು ನವಪಾಲಕತ್ವದ ಹಿನ್ನೆಲೆಯಲ್ಲಿ ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿರುತ್ತದೆ. ಇಲ್ಲಿ ‘ಪಠ್ಯ’ ಎಂದರೆ, ಓದಲು ಬಾರದ ಯಾವುದನ್ನೇ ಆಗಲಿ ಓದಿದ್ದಾಗಿ ಹೇಳಿಕೊಳ್ಳಲು ವಿದ್ವತ್ ವಲಯದಲ್ಲಿ ಅನುಮತಿ ಇರುವ ವಸ್ತು. ‘ನವಪಾಲಕತ್ವ’ ಎಂದರೆ ನಿದ್ದೆಗೆಟ್ಟ ಸ್ಥಿತಿ. ‘ಅನುಸಂಧಾನ’ ಎಂಬುದನ್ನು ವಿವರಿಸುವ ರೂಢಿ ಇಲ್ಲ. ಶಿಶುವಿನ ಪ್ರಥಮ ಕ್ರಿಸ್‌ಮಸ್ ಎಂಬುದು ದೀರ್ಘವಾಯಿತೆಂದು ಕೆಲವರಿಗೆ ಅನ್ನಿಸಬಹುದಾದ್ದರಿಂದ ಅದನ್ನು ಇನ್ನು ಮುಂದೆ ‘ಶಿಪ್ರಕ್ರಿ’ ಎಂದು ಸಂಕ್ಷೇಪಿಸಲಾಗಿದೆ.

ಅಧ್ಯಯನದ ವ್ಯಾಪ್ತಿಯನ್ನು ಮಂಗಳೂರು ಹಾಗೂ ಉಡುಪಿ ಸೀಮೆಯ, ಮನೆಯಲ್ಲಿ ಕೊಂಕಣಿಯನ್ನೂ ಪೇಟೆಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡಿ ಬೆಳೆದ ಕ್ಯಾಥೊಲಿಕ್ ಕುಟುಂಬಗಳಿಗೆ ಸೀಮಿತಗೊಳಿಸಲಾಗಿದ್ದು, ಶಿಶುವೇ ಇಲ್ಲಿನ ಪ್ರಧಾನ ಮಾಹಿತಿದಾತನಾಗಿರುತ್ತದೆ. ‘ಮಾಹಿತಿದಾತ’ ಎಂದರೆ ಯಾರಿಂದ ಎಲ್ಲವನ್ನೂ ಪಡೆದುಕೊಂಡು ಕೃತಜ್ಞತೆಯ ಪುಟದಲ್ಲಿ ಯಾರ ಹೆಸರನ್ನು ಬಿಡಲಾಗುತ್ತದೆಯೋ ಅಂಥವರು. ಹುಟ್ಟಿದ ಮೊದಲ ವಾರಗಳಲ್ಲಿ ಮಗುವಿನ ದೃಷ್ಟಿ ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಷ್ಟೇ ಚೆನ್ನಾಗಿ ನಿಲ್ಲುತ್ತದೆ. ಹಾಲೂಡುವ ತಾಯಿಯ ಮುಖ ಇರುವುದು ಅಷ್ಟೇ ದೂರದಲ್ಲಿ. ಆದ್ದರಿಂದ ಅಂಗಳದ ಮಾವಿನ ಕೊಂಬೆಗೆ ತೂಗಿದ ನಕ್ಷತ್ರದೀಪ ಅದರ ಅನುಭವಲೋಕಕ್ಕೆ ಹೊರತಾದುದು. ಮೊದಲ 6 ತಿಂಗಳು ತಾಯಿಯ ಹಾಲಲ್ಲದೆ ಬೇರೇನನ್ನೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಿಂದ ಹಬ್ಬದ ತಿಂಡಿಯೂ ಹೊರತು. ಮೂರು ವರ್ಷಕ್ಕೆ ಮುಂಚಿನ ಘಟನೆಗಳು ದೊಡ್ಡವರಾದ ಮೇಲೆ ನೆನಪಿನಲ್ಲಿ ಉಳಿಯುವುದು ತೀರ ಅಪರೂಪವಾದ್ದರಿಂದ ನೆನಪೂ ಹೊರತು. ಹೀಗೆ ಕಾಣದ, ಉಣ್ಣದ, ನೆನಪಿಡದ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಇಡೀ ಋತು ನಡೆದುಹೋಗುವ ವಿದ್ಯಮಾನಕ್ಕೆ ‘ಕೇಂದ್ರಗೈರು’ ಎಂದು ಹೆಸರಿಡಬಹುದು. ಅಧ್ಯಕ್ಷರು ನಿದ್ದೆಹೋಗಿದ್ದರೂ ಸಮಾರಂಭ ಮುಂದುವರಿಯಬಲ್ಲದು ಎಂಬುದು ಇದರ ತಾತ್ಪರ್ಯ. ನಾಡಿನ ವಿಚಾರಸಂಕಿರಣಗಳಲ್ಲಿ ಇದಕ್ಕೆ ಪುಷ್ಕಳ ಆಧಾರ ದೊರೆಯುತ್ತದೆ.

ಮೊದಲಿಗೆ ವಸ್ತ್ರಾಧಾರಿತ ಅಸ್ಮಿತೆಯ ಪ್ರಶ್ನೆ. ಶಿಪ್ರಕ್ರಿಯ ಸಂದರ್ಭದಲ್ಲಿ ಮಗುವಿಗೆ ಕೆಂಪು ವೆಲ್ವೆಟ್ಟಿನ, ಬಿಳಿ ತುಪ್ಪಳದ ಅಂಚುಳ್ಳ ಅಂಗಿಯನ್ನೂ ಅದಕ್ಕೆ ಒಪ್ಪುವ ಟೋಪಿಯನ್ನೂ ತೊಡಿಸಿ, ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಸುತ್ತಲೂ ಹತ್ತಿಯ ಹಿಮ ಹರಡಿ ಫೋಟೊ ತೆಗೆಯುವುದು ಈಚಿನ ವರ್ಷಗಳಲ್ಲಿ ವಿಧಿಯ ಸ್ಥಾನ ಪಡೆದಿದೆ. ಕರಾವಳಿಯಲ್ಲಿ ಡಿಸೆಂಬರ್ ಮಧ್ಯಾಹ್ನದ ಉಷ್ಣಾಂಶ 32 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಈ ವೇಷಕ್ಕೆ ಮೂಲಪುರುಷನೆನ್ನಲಾಗುವ ಸಂತ ನಿಕೊಲಾಸ್ ಕೂಡ 4ನೆಯ ಶತಮಾನದಲ್ಲಿ ಇಂದಿನ ಟರ್ಕಿಯ ದಕ್ಷಿಣ ಕರಾವಳಿಯ ಮೈರಾ ಎಂಬ ಊರಿನಲ್ಲಿ ಬಿಷಪ್ ಆಗಿದ್ದವನು. ಹಿಮಸಾರಂಗದ ಗಾಡಿ ಅವನಿಗೆ ಬಹಳ ತಡವಾಗಿ ಗಂಟುಬಿದ್ದದ್ದು. ವೆಲ್ವೆಟ್ ತೊಟ್ಟ ಮಗು ಅಳುತ್ತದೆ. ಈ ಅಳುವನ್ನು ಪ್ರಭುತ್ವದ ಪ್ರತಿಮಾಲೋಕಕ್ಕೆ ತೋರಿದ ಪ್ರತಿರೋಧವೆಂದು ಓದಲು ವಿಪುಲ ಅವಕಾಶವಿದೆಯಾದರೂ, ಅಂಗಿ ಬಿಚ್ಚಿ ಕುತ್ತಿಗೆಯ ಬೆವರುಸಾಲೆಯನ್ನು ಒದ್ದೆ ಬಟ್ಟೆಯಿಂದ ಒರಸಿದರೆ ಅಳು ನಿಲ್ಲುತ್ತದೆ.

ಎರಡನೆಯದು ಭೇಟಿಕಾರರ ವರ್ಗೀಕರಣ. ಶಿಪ್ರಕ್ರಿಯ ಕಾಲದಲ್ಲಿ ಮಗುವನ್ನು ನೋಡಲು ಬರುವವರನ್ನು ಐದು ಪ್ರಭೇದಗಳಾಗಿಯೂ ಒಂದೊಂದನ್ನು ಮತ್ತೆ ಮೂರು ಉಪಪ್ರಭೇದಗಳಾಗಿಯೂ ವಿಂಗಡಿಸಬಹುದು. ಮೊದಲ ಪ್ರಭೇದ ಸಾಮ್ಯಾನ್ವೇಷಕರದು: ಮೂಗು ಯಾರದು, ಕಿವಿ ಯಾರದು, ಹಣೆ ಯಾವ ಮನೆಯದು ಎಂದು ಎರಡು ಮನೆತನಗಳ ನಡುವೆ ಮಗುವಿನ ಪಾಲುಪಟ್ಟಿ ಬರೆದು ಮುಗಿಸುವವರು, ಮೈಬಣ್ಣ ಸ್ವಲ್ಪ ಕಪ್ಪಾಗಿದ್ದರೆ ಮಾತ್ರ ಆ ಪಾಲು ತಕರಾರಿಲ್ಲದೆ ತಾಯಿಯ ತವರಿಗೆ ಸಲ್ಲುತ್ತದೆ. ಎರಡನೆಯದು ಸ್ಪರ್ಶನಿಷ್ಠರದು: ಬಸ್ಸಿನಿಂದ ಇಳಿದ ಕೈಯಲ್ಲೇ ಮಗುವನ್ನೆತ್ತಿ, ಶೀತದ ಮೂಗಿನಲ್ಲೇ ಕೆನ್ನೆಗೆ ಮುತ್ತಿಟ್ಟು, ಕೈ ತೊಳೆಯಿರೆಂದರೆ ‘ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ, ನಮಗೇನಾಗಿದೆ?’ ಎಂಬ ಅನುಭವವಾದಿ ತರ್ಕವನ್ನು ಮಂಡಿಸುವವರು. ಹುಟ್ಟಿದ ಕೂಡಲೇ ಕೊಡುವ ಲಸಿಕೆಗಳ ನಂತರದ ಸುತ್ತು ಬರುವುದು 6 ವಾರಕ್ಕೆ ಎಂಬುದಾಗಲಿ, ಅಲ್ಲಿಯವರೆಗೆ ಮಗು ಎಷ್ಟು ಬರಿಗೈಯಲ್ಲಿದೆ ಎಂಬುದಾಗಲಿ ಈ ತರ್ಕದ ಪರಿಧಿಗೆ ಬರುವುದಿಲ್ಲ. ಮೂರನೆಯದು ಕ್ಷೀರಗಣಕರದು: ಕೋಣೆಯ ಬಾಗಿಲು ತೆರೆದಿಟ್ಟು, ಹಜಾರದಲ್ಲಿ ಗಂಡಸರು ಕೇಕ್ ತಿನ್ನುತ್ತಿರುವಾಗ, ‘ಹಾಲು ಬರ್ತದಾ? ಸಾಕಾಗ್ತದಾ?’ ಎಂದು ಗಟ್ಟಿಯಾಗಿ ಕೇಳುವವರು. ನಾಲ್ಕನೆಯ ಮತ್ತು ಐದನೆಯ ಪ್ರಭೇದಗಳು ಒಂದೇ ಕಾರಿನಲ್ಲಿ ಬಂದು ಇಳಿಯುವುದರಿಂದಲೂ, ವರ್ಗೀಕರಿಸಿದ ಮಾತ್ರಕ್ಕೆ ಅವರ ಸಂಖ್ಯೆ ಕಡಿಮೆಯಾಗುವುದಿಲ್ಲವಾದ್ದರಿಂದಲೂ, ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಮೂರನೆಯದು ಖಾದ್ಯರೂಪಿ ಸ್ಮೃತಿಯ ಮರುಉತ್ಪಾದನೆ, ಅಂದರೆ ಕುಸ್ವಾರ್. ಕ್ರಿಸ್‌ಮಸ್ಸಿಗೆಂದು ಮಾಡಿ ನೆರೆಹೊರೆಗೆ ಹಂಚುವ ತಿಂಡಿಗಳ ಸಮೂಹಕ್ಕೆ ಮಂಗಳೂರಿನಲ್ಲಿ ಕುಸ್ವಾರ್ ಎನ್ನುತ್ತಾರೆ. ಎಳ್ಳು ಬೆಲ್ಲದ ಲಾಡು, ಹೂರಣ ತುಂಬಿ ಕರಿದ ನೆವ್ರಿ, ತೆಂಗಿನ ಹಾಲಿನ ಗುಳಿಯೊ, ಚಕ್ಕುಲಿ, ಗುಲಾಬಿಯಾಕಾರದ ಕೊಕ್ಕಿಸ್, ಕಿಡಿಯೊ ಇವೆಲ್ಲ ಅದರಲ್ಲಿ ಸೇರುತ್ತವೆ. ಕಿಡಿಯೊ ಮಾಡುವವರು ಮೈದಾ ಹಿಟ್ಟಿನ ಗೋಲಿಯಷ್ಟು ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲುಗಳ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಎಳೆಯುತ್ತಾರೆ. ಉಂಡೆ ಮೈತುಂಬ ಗೆರೆ ಮೂಡಿಸಿಕೊಂಡು ಸುರುಳಿ ಸುತ್ತಿ ತಟ್ಟೆಗೆ ಬೀಳುತ್ತದೆ. ಹೀಗೆ ಒಂದೊಂದಾಗಿ, ಒಂದು ಡಬ್ಬಿ ತುಂಬುವಷ್ಟು. ಕೊಕ್ಕಿಸ್ ಇನ್ನೂ ಹಟಮಾರಿ: ಕಬ್ಬಿಣದ ಅಚ್ಚು ಎಣ್ಣೆಯಲ್ಲಿ ಸರಿಯಾಗಿ ಕಾಯದಿದ್ದರೆ ಹಿಟ್ಟು ಅಚ್ಚನ್ನು ಹಿಡಿಯುವುದಿಲ್ಲ, ಅಚ್ಚನ್ನು ಹಿಟ್ಟಿನಲ್ಲಿ ಪೂರ್ತಿ ಮುಳುಗಿಸಿಬಿಟ್ಟರೆ ಬೆಂದದ್ದು ಅಚ್ಚನ್ನು ಬಿಡುವುದಿಲ್ಲ. ಇದೆಲ್ಲ ಕೈಬೆರಳಿನ ವಿದ್ಯೆ, ಒಬ್ಬರು ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲಬೇಕಾದ ವಿದ್ಯೆ. ಮನೆಯಲ್ಲಿ ಎಳೆಮಗು ಇರುವ ವರ್ಷ ಸೊಸೆ ಬಾಣಂತಿಕೋಣೆಯಲ್ಲಿ, ಅತ್ತೆ ಮಗುವಿನ ಸ್ನಾನದ ಹಂಡೆಯ ಮುಂದೆ. ಹಾಗಾಗಿ ಡಬ್ಬಿಗಳು ಬೇಕರಿಯಿಂದ ಬರುತ್ತವೆ. ತಟ್ಟೆಯ ಮೇಲಿನ ಕ್ರೋಶ ಕರವಸ್ತ್ರವನ್ನು ಸರಿಸಿ ‘ಈ ವರ್ಷ ಅಂಗಡಿಯದ್ದಾ?’ ಎಂದು ಕೇಳುವವರು ಸಾಂಸ್ಕೃತಿಕ ಸ್ಮೃತಿಯ ಕಾವಲುಗಾರರು. ಬಾಚಣಿಗೆ ಹಿಡಿದು ಕೂರಲು ಅವರಿಗೆ ಬಿಡುವಿರುವುದಿಲ್ಲ.

ಈಗ ಗೋದಲಿಯ ವಿಚಾರ. ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿಕೃತಿಯೇ ಗೋದಲಿ. ಬೈಹುಲ್ಲಿನ ಮಾಡು, ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸಿ ಬೆಳೆಸಿದ ಹಸಿರು, ಕುರಿ, ಕುರುಬರು, ಎತ್ತು, ಕತ್ತೆ, ಜೋಸೆಫ್, ಮೇರಿ, ಮತ್ತು 24ರ ರಾತ್ರಿಯಷ್ಟೇ ತಂದಿಡುವ ಬಾಲಯೇಸು. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಹುಲ್ಲು ತುಂಬಿದ ಮೇವಿನ ತೊಟ್ಟಿ, ಎತ್ತು, ಕತ್ತೆಗಳನ್ನಿಟ್ಟು ಹಬ್ಬ ಮಾಡಿದ್ದರಿಂದ ಈ ಸಂಪ್ರದಾಯ ಬಳಕೆಗೆ ಬಂದಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಗೋದಲಿಯನ್ನು ಯಾವ ದಿಕ್ಕಿನಿಂದ ನೋಡಿದರೂ ಒಂದು ಸಂಗತಿ ಕಣ್ಣಿಗೆ ಹೊಡೆಯಬೇಕಾಗಿತ್ತು, ಹೊಡೆಯುವುದಿಲ್ಲ: ಆಗತಾನೇ ಹೆತ್ತ ಹೆಂಗಸು ಬೆನ್ನು ನೆಟ್ಟಗೆ ಮಾಡಿ, ಕೈಮುಗಿದು, ಗಟ್ಟಿನೆಲದ ಮೇಲೆ ಮಂಡಿಯೂರಿದ್ದಾಳೆ.

ಇದು ಮೊದಲಿನಿಂದಲೂ ಹೀಗಿರಲಿಲ್ಲ. ಪೂರ್ವದ ಸಭೆಗಳ, ಅಂದರೆ ಬೈಜಾಂಟಿಯಮ್ ಪರಂಪರೆಯ ಚಿತ್ರಗಳಲ್ಲಿ ಮೇರಿ ಹಾಸಿಗೆಯ ಮೇಲೆ ಮೈಚಾಚಿ ಮಲಗಿರುತ್ತಾಳೆ. ಪಕ್ಕದಲ್ಲಿ ಇಬ್ಬರು ಸೂಲಗಿತ್ತಿಯರು ಕೂಸಿಗೆ ನೀರೆರೆಯುತ್ತಿರುತ್ತಾರೆ. ಸೂಲಗಿತ್ತಿಯರ ಕಥೆ ಬೈಬಲಿನ ಹೊರಗೆ ಉಳಿದ, 2ನೆಯ ಶತಮಾನದ ಯಾಕೋಬನ ಹೆಸರಿನ ಬಾಲ್ಯಕಥನದಿಂದ ಬಂದದ್ದು. ಲೂಕನ ಶುಭಸಂದೇಶದಲ್ಲಿ ಅವರಿಲ್ಲ. ಅಲ್ಲಿ ಹೆತ್ತವಳೇ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮೇವಿನ ತೊಟ್ಟಿಯಲ್ಲಿ ಮಲಗಿಸುತ್ತಾಳೆ, ಪರಊರಿನಲ್ಲಿ, ಛತ್ರದಲ್ಲಿ ಜಾಗವಿಲ್ಲದೆ. ಸ್ವೀಡನ್ನಿನ ಸಂತ ಬ್ರಿಜಿತ್ 1372ರ ಸುಮಾರಿಗೆ ಬೆತ್ಲೆಹೇಮಿಗೆ ಯಾತ್ರೆ ಹೋಗಿ, ಮೇರಿ ಮಂಡಿಯೂರಿ ಪ್ರಾರ್ಥಿಸುತ್ತಿರುವಾಗ ನೋವಿಲ್ಲದೆ ಮಗು ಹುಟ್ಟಿದ್ದನ್ನು ದರ್ಶನದಲ್ಲಿ ಕಂಡುದಾಗಿ ಹೇಳಿದಳು. ಪಶ್ಚಿಮದ ಚಿತ್ರಕಾರರು ಅದನ್ನು ಹಿಡಿದುಕೊಂಡರು. ಹಾಸಿಗೆ ಹೋಯಿತು, ಬಿಸಿನೀರು ಹೋಯಿತು, ಸೂಲಗಿತ್ತಿಯರು ಹೋದರು. ಎಂಟು ಮಕ್ಕಳನ್ನು ಹೆತ್ತವಳು ಬ್ರಿಜಿತ್. ನೋವಿಲ್ಲದ ಹೆರಿಗೆ ಅವಳ ಕಣ್ಣಿಗೆ ಯಾಕೆ ಬಿತ್ತೆಂದು ಊಹಿಸಬಹುದು. ಆದರೆ ಆ ಮೇಲೆ ಆರು ಶತಮಾನಗಳ ಕಾಲ ಗೋದಲಿ ಕಟ್ಟಿದವರಲ್ಲಿ ಎಷ್ಟು ಜನಕ್ಕೆ ಮೇರಿಗೊಂದು ಚಾಪೆ ಹಾಸಬೇಕೆಂದು ತೋಚಿತು? ಎತ್ತಿಗೆ ಹುಲ್ಲು ಹಾಕಿದ್ದಾರೆ. ಕತ್ತೆಗೂ ಹಾಕಿದ್ದಾರೆ. ಮಂಡಿಯೂರಿದ ಆ ಗೊಂಬೆಯನ್ನು ದಿನವೂ ನೋಡುವವರು, ಹೊಲಿಗೆ ಹಾಕಿಸಿಕೊಂಡು ಒಂದು ಮಗ್ಗುಲಲ್ಲಿ ಕೂರಲಾಗದ ಹುಡುಗಿ ಬಲಿಪೂಜೆಗೆ ಸೀರೆಯುಟ್ಟು ಬಾರದೆ ಹೋದರೆ ‘ಚರ್ಚಿಗೆ ಬರಲಿಲ್ವಾ?’ ಎಂದು ಕೇಳುವುದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ.

ವಿಚಿತ್ರವೆಂದರೆ ಗೋದಲಿಗೆ ಗೊತ್ತಿಲ್ಲದ್ದು ಪಂಚಾಂಗಕ್ಕೆ ಗೊತ್ತಿದೆ. ಮೋಶೆಯ ನಿಯಮದಂತೆ ಗಂಡುಮಗುವನ್ನು ಹೆತ್ತವಳು ದೇವಾಲಯಕ್ಕೆ ಬರಬೇಕಾದದ್ದು 40 ದಿನಗಳ ನಂತರ. ಆ ಲೆಕ್ಕದಲ್ಲೇ ಸಮರ್ಪಣೆಯ ಹಬ್ಬ ಫೆಬ್ರುವರಿ 2ಕ್ಕೆ ಬರುತ್ತದೆ. (ಹೆಣ್ಣುಮಗುವಾದರೆ 80 ದಿನ, ಕಾರಣ ಏನೇ ಇರಲಿ, ವಿಶ್ರಾಂತಿಯಂತೂ ಇಮ್ಮಡಿ.) ಕರಾವಳಿಯ ಅಜ್ಜಿಯರು ಎಣ್ಣೆ ತಿಕ್ಕಿ ಬಿಸಿನೀರು ಹುಯ್ದು ಬಾಣಂತಿಯನ್ನು ಮಲಗಿಸಿಡುತ್ತಿದ್ದದ್ದೂ 40 ದಿನವೇ. ಹಾಗೆ ನೋಡಿದರೆ ಕ್ರಿಸ್‌ಮಸ್ ಕಾಲದ ಎಲ್ಲ ಹಬ್ಬಗಳೂ, ಭೇಟಿಗಳೂ, ಮೂರು ರಾಜರ ದಿನವೂ ಒಬ್ಬಳ ಬಾಣಂತನದ ಒಳಗೇ ಬಂದುಹೋಗುತ್ತವೆ.

ಪಿತೃತ್ವದ ಅಧ್ಯಾಯವನ್ನು ‘ದೇಶಾಂತರಗಾಮಿ ಕೌಟುಂಬಿಕತೆಯ ಡಿಜಿಟಲ್ ಮಧ್ಯಸ್ಥಿಕೆ’ ಎಂಬ ಶೀರ್ಷಿಕೆಯಡಿ ವಿಸ್ತರಿಸುವ ಯೋಜನೆಯಿತ್ತು. ಅಂದರೆ ಅಪ್ಪ ಗಲ್ಫಿನಲ್ಲಿದ್ದಾನೆ ಎಂದರ್ಥ. ಕುವೈತಿನಲ್ಲಿ ಡಿಸೆಂಬರ್ 25 ಸಾರ್ವಜನಿಕ ರಜೆಯಲ್ಲ. ಗಡಿಯಾರ ಇಲ್ಲಿಗಿಂತ ಎರಡೂವರೆ ತಾಸು ಹಿಂದೆ. ಇಲ್ಲಿ ಬಾಲಯೇಸುವನ್ನು ಹುಲ್ಲಿನ ಮೇಲಿಡುವ ಹೊತ್ತಿಗೆ ಅಲ್ಲಿ ಅವನು ನಾಳೆಯ ಪಾಳಿಗೆ ಸಮವಸ್ತ್ರ ಇಸ್ತ್ರಿ ಮಾಡುತ್ತಾ, ಫೋನನ್ನು ಮೊಸರಿನ ಡಬ್ಬಿಗೆ ಒರಗಿಸಿಟ್ಟಿರುತ್ತಾನೆ. ಮಗುವಿನ ಮುಖಕ್ಕೆ ಫೋನು ಹಿಡಿದು ‘ಪಪ್ಪ ನೋಡು, ಪಪ್ಪ’ ಎನ್ನುತ್ತಾರೆ. ಮಗು ಬೆಳಕಿಗೆ ಕಣ್ಣು ಕಿರಿದು ಮಾಡುತ್ತದೆ. ಇದಕ್ಕೆ ಮಧ್ಯಸ್ಥಿಕೆ ಎಂಬ ಮಾತು ಯಾಕೆ ಬೇಕು? ಆ ಮನುಷ್ಯ ತನ್ನ ಮಗುವನ್ನು ಇನ್ನೂ ಎತ್ತಿಕೊಂಡಿಲ್ಲ. ಮನೆಸಾಲ ಇನ್ನೂ ಉಳಿದಿದೆ, ಆದ್ದರಿಂದ ಎತ್ತಿಕೊಂಡಿಲ್ಲ. ಊರಿನಲ್ಲೇ ಇರುವ ಅಪ್ಪಂದಿರ ಪಾಡೂ ಹೇಳಿಕೊಳ್ಳುವಂಥದ್ದಲ್ಲ: 2017ರ ತಿದ್ದುಪಡಿಯ ನಂತರ ಕಾನೂನಿನ ವ್ಯಾಪ್ತಿಗೆ ಬರುವ ತಾಯಂದಿರಿಗೆ ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದರೆ 26 ವಾರಗಳ ರಜೆ ಇದೆ, ಕೇಂದ್ರ ಸರ್ಕಾರದ ನೌಕರರಾದ ತಂದೆಯರಿಗೆ 15 ದಿನ ಇದೆ, ಖಾಸಗಿ ಕಂಪನಿಯ ಅಪ್ಪನಿಗೆ ಮಾಲೀಕರ ದಯೆ ಇದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದು ಆ ಕಾನೂನಿಗೆ ಹೊರತಾದ ಅಂಗಡಿಯಲ್ಲಿ ದುಡಿಯುವ ತಾಯಿಯ ವಿಚಾರವನ್ನು ಎತ್ತಿದರೆ ಅಡಿಟಿಪ್ಪಣಿಗೆ ಹಾಕಿ ಎನ್ನುತ್ತಾರೆ. ರಾತ್ರಿ ಮೂರು ಗಂಟೆಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಲೆಂದು ಬೆನ್ನು ತಟ್ಟುತ್ತಾ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುವವಳು ಯಾವ ಅಡಿಟಿಪ್ಪಣಿಯಲ್ಲೂ ಕಾಣುವುದಿಲ್ಲ.

ಪ್ರಬಂಧದ ಅಂತ್ಯದಲ್ಲಿ ಶಿಫಾರಸುಗಳಿರಬೇಕೆಂಬುದು ವಿಶ್ವವಿದ್ಯಾಲಯಗಳ ನಿಯಮವಾದ್ದರಿಂದ ಒಂದನ್ನು ಕೊಡಲಾಗಿದೆ. ಅದು ಭೇಟಿಯ ಸಮಯ ಹಾಗೂ ಶಿಷ್ಟಾಚಾರಕ್ಕೆ ಸಂಬಂಧಿಸಿದ್ದು, ಅದಕ್ಕೆ ಶಾಸ್ತ್ರಾಧಾರವೂ ಇದೆ. ಮತ್ತಾಯನ ಶುಭಸಂದೇಶದ 2ನೆಯ ಅಧ್ಯಾಯದಲ್ಲಿ ಪೂರ್ವದಿಂದ ಬಂದ ಜ್ಯೋತಿಷಿಗಳು, ಅಂದರೆ ಹಬ್ಬದ ಮೂರು ರಾಜರು, ಮಗುವನ್ನು ಕಾಣುವುದು ಕೊಟ್ಟಿಗೆಯಲ್ಲಲ್ಲ, ಮನೆಯಲ್ಲಿ; ನಕ್ಷತ್ರ ಕಂಡ ಕಾಲವನ್ನು ಅವರಿಂದ ಕೇಳಿ ತಿಳಿದ ಹೆರೋದ ರಾಜ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸಿದ್ದನ್ನು ನೋಡಿದರೆ, ಮಗು ನೋಡಲು ಎರಡು ವರ್ಷದವರೆಗೆ ತಡ ಮಾಡುವುದಕ್ಕೆ ಅವಕಾಶವಿದೆ ಎಂದಾಯಿತು. ಅವರು ಮಗುವನ್ನೂ ತಾಯಿಯನ್ನೂ ಕಂಡರು, ಅಡ್ಡಬಿದ್ದರು, ಬಂಗಾರ, ಧೂಪ, ರಕ್ತಬೋಳಗಳನ್ನು ಕೊಟ್ಟರು. ಮೂಗು ಯಾರದೆಂದು ಕೇಳಲಿಲ್ಲ, ಹಾಲಿನ ವಿಚಾರ ಎತ್ತಲಿಲ್ಲ. ಊಟಕ್ಕೆ ಕಾದರೆಂದೂ ಬರೆದಿಲ್ಲ. ಬೇರೆ ದಾರಿ ಹಿಡಿದು ತಮ್ಮ ದೇಶಕ್ಕೆ ಹೋದರು.