ಮಡಿ ನೀರು

ನಮ್ಮ ಭಾವನಿಗೆ ಈಜು ಬರುವುದಿಲ್ಲ. ಕನಕಪುರ ರಸ್ತೆಯಾಚೆ ಅವರ ತೋಟದ ಮನೆಯಲ್ಲಿ ಮೂವತ್ತಡಿ ಉದ್ದ, ಹದಿನೈದಡಿ ಅಗಲ, ನಾಲ್ಕಡಿ ಆಳದ ಸ್ವಿಮ್ಮಿಂಗ್ ಪೂಲ್ ಇದೆ. ಇದಕ್ಕೂ ಅದಕ್ಕೂ ಏನು ಸಂಬಂಧ ಅನ್ನಬೇಡಿ. ಶೋಕೇಸಿನಲ್ಲಿ ವೀಣೆ ಇಟ್ಟವರೆಲ್ಲ ನುಡಿಸುತ್ತಾರೆಯೇ? ದೂಳು ಒರೆಸುತ್ತಾರೆ, ಅಷ್ಟೆ. ಭಾವನೂ ಒರೆಸುತ್ತಾರೆ.

ಬೆಳಗಿನ ಆರಕ್ಕೆ ಚಡ್ಡಿ, ಬನಿಯನ್ನು, ತಲೆಗೊಂದು ಟವೆಲು. ಮೊದಲು ಉದ್ದ ಕೋಲಿನ ಬಲೆಯಿಂದ ಹೊಂಗೆ ಎಲೆ ಬಾಚುವುದು. ಆ ಹೊಂಗೆ ಮರ ನೆಟ್ಟವರೂ ಅವರೇ, ನೆರಳಿಗೆ ಅಂತ. ಈಗ ಬೇಸಿಗೆಯಲ್ಲಿ ಅದು ಹೂ ಸುರಿಸಲು ಶುರುಮಾಡಿದರೆ, ಮಗಳ ಮದುವೆಗೆ ಅಡ್ಡ ಬಂದ ನೆಂಟನನ್ನು ನೋಡುವ ಹಾಗೆ ಅದನ್ನು ನೋಡುತ್ತಾರೆ. ಆಮೇಲೆ ಪರೀಕ್ಷೆ. ಎರಡು ಪುಟ್ಟ ಕೊಳವೆಗಳಲ್ಲಿ ನೀರು ತುಂಬಿ ಹನಿ ಹಾಕಿ, ಸೂರ್ಯನ ಕಡೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚುತ್ತಾರೆ. ಹಳದಿ ಬಂದದ್ದು ಕ್ಲೋರಿನ್, ಕೆಂಪು ಬಂದದ್ದು ಪಿಎಚ್. ಪಿಎಚ್ 7.2ರಿಂದ 7.8ರ ಒಳಗಿದ್ದರೆ ಆ ದಿನ ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದರೂ ಕ್ಷಮೆಯುಂಟು.

ಅಸಲು ಪೂಜೆ ಭಾನುವಾರದ್ದು. ಅಂದು ವ್ಯಾಕ್ಯೂಮ್. ಕೋಲಿನ ತುದಿಗೆ ಚಪ್ಪಟೆ ಮೂತಿ, ಅದಕ್ಕೊಂದು ಹೆಬ್ಬಾವಿನಂಥ ಪೈಪು. ಪೈಪಿನ ಇನ್ನೊಂದು ಬಾಯನ್ನು ನೀರು ಚಿಮ್ಮುವ ತೂತಿಗೆ ಒತ್ತಿ ಹಿಡಿದು, ಒಳಗಿನ ಗಾಳಿಯೆಲ್ಲ ಗುಳುಗುಳು ಅಂತ ಹೊರಗೆ ಬರುವವರೆಗೂ ಭಾವ ಉಸಿರಾಡುವುದಿಲ್ಲ. ಒಂದು ಗುಟುಕು ಗಾಳಿ ಉಳಿದರೂ ಪಂಪು ನೀರು ಎಳೆಯದೆ ಒಣಗಂಟಲಲ್ಲಿ ಅರಚುತ್ತದೆ. ಗಾಳಿ ಹೋಯಿತೆಂದು ಖಾತ್ರಿಯಾದ ಮೇಲೆ ಪೈಪನ್ನು ಹೀರುವ ತೂತಿಗೆ ಸಿಕ್ಕಿಸಿ, ದಡದ ಮೇಲೆ ಹೆಜ್ಜೆ ಹೆಜ್ಜೆಗೂ ನಿಂತು ನಡೆಯುತ್ತಾರೆ. ಅವಸರ ಮಾಡಿದರೆ ತಳದ ಕೆಸರು ಹೊಗೆಯ ಹಾಗೆ ಎದ್ದುಬಿಡುತ್ತದೆ. ಮಾಲಿ ಹುಡುಗ ಒಮ್ಮೆ ನೆಲ ಒರೆಸುವ ಹಾಗೆ ಎಡಕ್ಕೂ ಬಲಕ್ಕೂ ಬೀಸಿದ್ದಕ್ಕೆ, "ಅಯ್ಯೋ, ಎಬ್ಬಿಸಬೇಡವೋ, ಮಲಗಿರೋದನ್ನ ಹಾಗೇ ಎತ್ಕೋಬೇಕು!" ಎಂದು ಕೂಗಿದ್ದರು. ಪಕ್ಕದ ತೋಟದವರು ಯಾರೋ ತೀರಿಕೊಂಡರೆಂದು ಓಡಿ ಬಂದರು.

ತಾನೇ ಹರಿದಾಡಿ ಕೆಸರು ಹೀರುವ ಯಂತ್ರ ದಕ್ಷಿಣ ಆಫ್ರಿಕಾದಲ್ಲಿ 1974ರಷ್ಟು ಹಿಂದೆಯೇ ಬಂದಿದೆ. ಅಂಥದ್ದೊಂದನ್ನು ಮಗ ತರಿಸಿಕೊಟ್ಟ. ಭಾವ ಎರಡು ದಿನ ಅದರ ಹಿಂದೆಯೇ ದಡದ ಮೇಲೆ ಸುತ್ತಿ, "ಮೂಲೆ ಬಿಡುತ್ತೆ" ಎಂದು ಕೆಲಸದಿಂದ ತೆಗೆದರು.

ಈ ಕೋಲು, ಈ ನಡಿಗೆ ಎಲ್ಲೋ ನೋಡಿದ್ದೇನಲ್ಲ ಅಂತ ನನಗೆ ಬಹಳ ದಿನ ಅನ್ನಿಸುತ್ತಿತ್ತು. ಆಮೇಲೆ ಹೊಳೆಯಿತು. ಅವರ ತಾಯಿ ಮಡಿ ಸೀರೆಯನ್ನು ಕೋಲಿನಿಂದ ಎತ್ತಿ ಎತ್ತರದ ಗಳುವಿನ ಮೇಲೆ ಹರವುತ್ತಿದ್ದರು. ಕೆಳಗೆ ಹಾದುಹೋದರೂ ಬೈಗುಳ. ಮಗ ಜನಿವಾರ ತೆಗೆದು ಮೂವತ್ತು ವರ್ಷವಾಯಿತು. ಕೋಲು ಮಾತ್ರ ಕೈಗೆ ಬಂದಿದೆ, ಅಲ್ಯೂಮಿನಿಯಮ್ಮಿನದು.

"ಬನ್ನಿ, ಪೂಲ್ ಇದೆ" ಅಂತ ಕರೆಯುವವರು ಅವರೇ. ಹೋದರೆ, "ಸ್ನಾನ ಆಯ್ತಾ? ತಲೆಗೆ ಎಣ್ಣೆ ಹಚ್ಚಿದ್ದೀಯಾ? ಕಾಲು ತೊಳ್ಕೋ." ಮಕ್ಕಳು ನೀರಿಗಿಳಿದರಂತೂ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಮೂಸುತ್ತಾರೆ. ಕ್ಲೋರಿನ್ ವಾಸನೆ ಘಾಟಾಗಿ ಹೊಡೆದರೆ ನೀರು ಚೊಕ್ಕಟ ಅಂತ ನಾವೆಲ್ಲ ತಿಳಿದಿದ್ದೇವಲ್ಲ, ತಪ್ಪು. ಕ್ಲೋರಿನ್ನು ಬೆವರು, ಮೂತ್ರದ ಜೊತೆ ಬೆರೆತಾಗಲೇ ಆ ಘಾಟು. ಇದನ್ನು ತಿಳಿದ ದಿನದಿಂದ ಭಾವ ಒಂದು ಸಲ ಮೂಸಿ, ಒಂದೊಂದೇ ಮಗುವಿನ ಮುಖ ನೋಡುತ್ತಾರೆ. ತಪ್ಪು ಮಾಡದ ಮಕ್ಕಳೂ ತಲೆ ತಗ್ಗಿಸುತ್ತವೆ.

2024ರ ಮಾರ್ಚಿನಲ್ಲಿ ಬೆಂಗಳೂರಿನ ನೀರು ಬತ್ತಿ, ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಎಂದಿತು. ಭಾವನದು ಬೋರ್ ನೀರು, ಊರಾಚೆ. ಆದರೂ ಐವತ್ತು ಸಾವಿರ ಲೀಟರು, ಅಂದರೆ ನಾಲ್ಕು ದೊಡ್ಡ ಟ್ಯಾಂಕರಿಗೂ ಹೆಚ್ಚು ನೀರು ಅಂಗಳದಲ್ಲಿ ನೀಲಿಯಾಗಿ ಹೊಳೆಯುತ್ತಿದ್ದರೆ ಯಾರಿಗೆ ನಿದ್ದೆ ಬರುತ್ತದೆ? ಟಾರ್ಪಾಲು ಹೊದಿಸಿದರು. ಯಾರಾದರೂ ಕೇಳಿದರೆ, "ಅದಾ? ಕೃಷಿ ಹೊಂಡ."

ಅವರ ಮಡಿ ಕೆಟ್ಟದ್ದು ಕಳೆದ ಯುಗಾದಿಗೆ. ಮೂವತ್ತು ಜನ ನೆಂಟರು ಬರುವವರಿದ್ದರು. ಹಿಂದಿನ ರಾತ್ರಿ ಹೊಸದಾಗಿ ಬೋರ್ ನೀರು ತುಂಬಿಸಿ, ಇರಲಿ ಅಂತ ಎರಡು ಪಟ್ಟು ಕ್ಲೋರಿನ್ ಸುರಿದರು. ಬೋರ್ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ತಾಗಿದ್ದೇ ಅದು ತುಕ್ಕಾಗಿ ಹೊರಬೀಳುತ್ತದೆ. ಬೆಳಗಾಗುವಾಗ ಅಷ್ಟೂ ನೀರು ಹದವಾದ ಡಿಕಾಕ್ಷನ್ ಬಣ್ಣ.

ಅಕ್ಕ ಬಂದು ದಡದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. "ಪರವಾಗಿಲ್ಲ, ಹಾಲು ಜಾಸ್ತಿ ತರಿಸಿದ್ದೀನಿ. ಎಲ್ಲರಿಗೂ ಆಗುತ್ತೆ."

ನೆಂಟರು ಒಬ್ಬಟ್ಟು ತಿಂದು, ನೀರನ್ನು ದೂರದಿಂದಲೇ ಮಾತಾಡಿಸಿ ಹೋದರು. ಭಾವ ಪಂಪು ನಿಲ್ಲಿಸಿ ಎರಡು ದಿನ ಕಾದರು. ಬಾಲ್ಯದಲ್ಲಿ ಗೆಳೆಯರೆಲ್ಲ ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಗೆ ಹಾರುವಾಗ ಇವರು ಮೆಟ್ಟಿಲ ಮೇಲೆ ಕೂತು ಎಲ್ಲರ ಬಟ್ಟೆ ಕಾಯುತ್ತಿದ್ದರಂತೆ. ಹಾಗೇ ಕಾದರು. ಮೂರನೆಯ ದಿನ ತುಕ್ಕು ತಳಕ್ಕಿಳಿದಿತ್ತು. ಫಿಲ್ಟರಿನ ಹಿಡಿಯನ್ನು 'ವೇಸ್ಟ್' ಕಡೆ ತಿರುಗಿಸಿ, ಕೆಸರು ಮರಳಿಗೆ ಹೋಗದಂತೆ ನೇರ ಹೊರಗೆ ಬಿಟ್ಟು, ನಾಲ್ಕು ಗಂಟೆ ವ್ಯಾಕ್ಯೂಮ್ ಹೊಡೆದರು. ನೀರು ಕನ್ನಡಿಯಾಯಿತು. ಕಪ್ಪೆಯೊಂದು ಹಾರಿ, ಈ ತುದಿಯಿಂದ ಆ ತುದಿಗೆ ಈಜಿತು. ಕಾಲು ತೊಳೆದಿತ್ತೋ ಇಲ್ಲವೋ, ಭಾವ ಕೇಳಲಿಲ್ಲ. ಅಷ್ಟು ಸುಸ್ತು.

ಹೀರಿ ಹೊರಹಾಕಿದ್ದರಿಂದ ನೀರು ಎರಡು ಗೇಣು ಇಳಿದಿತ್ತು.

"ಬೋರ್ ಹಾಕೋ," ಎಂದರು ಮಾಲಿಗೆ. ಎರಡು ಹೆಜ್ಜೆ ಹೋದವನು ನಿಂತು ತಿರುಗಿ, ಏನೋ ಕೇಳಬೇಕೋ ಬೇಡವೋ ಅನ್ನುವ ಹಾಗೆ ನೋಡಿದ. ಭಾವನೂ ಅವನನ್ನೇ ನೋಡಿದರು. ಒಳಗಿನಿಂದ ಅಕ್ಕ ಕೂಗಿದಳು: "ಟೀ ಆಯ್ತು, ಬರ್ತೀರಾ?"