ಮೈಮೇಲೆ ನಿಂಬೆಹಣ್ಣು, ಹೊಟ್ಟೆಯೊಳಗೆ ಆಸಿಡ್ಡು

ಫೆಬ್ರವರಿ 28ರ ವಿಜ್ಞಾನ ದಿನ ಹತ್ತಿರ ಬಂತೆಂದರೆ ದಾವಣಗೆರೆಯ ಮನೆಮನೆಯಲ್ಲಿ ಥರ್ಮಾಕೋಲ್ ಕೊರೆಯುವ ಸದ್ದು. ಮಾಡೆಲ್ ಮಾಡುವವರು ಅಪ್ಪ, ಬಣ್ಣ ಹಚ್ಚುವವರು ಅಮ್ಮ, ಬಹುಮಾನ ಮಗುವಿಗೆ. ಈ ಗದ್ದಲದಲ್ಲಿ ಯಾರೂ ಮಾತಾಡಿಸದ ಒಬ್ಬರನ್ನು ವಿದ್ಯಾನಗರದ ಬಚ್ಚಲಮನೆಯೊಂದರಲ್ಲಿ ಕಂಡೆವು. ಎರಡು ಲೀಟರಿನ ಹಳೇ ಕೂಲ್‌ಡ್ರಿಂಕ್ಸ್ ಬಾಟಲಿ. ಮೈಮೇಲೆ ಅರ್ಧ ಹರಿದ ನಿಂಬೆಹಣ್ಣಿನ ಚಿತ್ರ, ಒಳಗೆ ತೆಳು ಹಳದಿಯ ಟಾಯ್ಲೆಟ್ ಆಸಿಡ್.

ಇಲ್ಲಿಗೆ ಹೇಗೆ ಬಂದಿರಿ?

ಹುಟ್ಟುಹಬ್ಬಕ್ಕೆ ಬಂದೆ ರೀ. ಖಾಲಿ ಆದ್ಮೇಲೆ ‘ಬಾಟ್ಲಿ ಗಟ್ಟಿ ಐತೆ’ ಅಂತ ಎತ್ತಿಟ್ರು. ಆಮೇಲೆ ಆಸಿಡ್, ಫಿನಾಯಿಲ್ ಅಂತ ಕೂಗ್ತಾ ಗಾಡಿ ಬಂತು. ತುಂಬಿಸ್ಕೊಂಡ್ರು.

ಆಸಿಡ್ ಕೊಳ್ಳುವವರು ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು, 18 ತುಂಬದವರಿಗೆ ಕೊಡಲೇಬಾರದು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆಯಲ್ಲ?

ಹೇಳೈತೆ. ಗಾಡಿಯವನು ಕೇಳಿದ್ದು ಒಂದೇ: ‘ಚಿಲ್ಲರೆ ಐತಾ ಅಕ್ಕಾ?’

ಮೇಲೊಂದು ಚೀಟಿ ಅಂಟಿಸಬಹುದಿತ್ತು.

ಉಪ್ಪಿನಕಾಯಿ ಜಾಡಿಗೆ ಅಂಟಿಸ್ತಾರೆ. ಸ್ಟೀಲ್ ಡಬ್ಬಿ ಮೇಲೆ ತವರುಮನೆ ಹೆಸರು ಕೆತ್ತಿಸ್ತಾರೆ. ನನ್ ವಿಷ್ಯಕ್ಕೆ ಬಂದ್ರೆ ಮಾತ್ರ ‘ಮನೆಯೋರಿಗೆಲ್ಲ ಗೊತ್ತೈತಲ್ಲ’. ಮನೆಯೋರು ಅಂದ್ರೆ ಕನ್ನಡಕ ಎಲ್ಲಿಟ್ಟೆ ಅಂತ ಗೊತ್ತಿಲ್ಲದ ಅಜ್ಜ, ರಜಕ್ಕೆ ಬಂದಿರೋ ಮೂರು ವರ್ಷದ ಮೊಮ್ಮಗ.

ವಿಜ್ಞಾನಕ್ಕೂ ನಿಮಗೂ ಏನು ನಂಟು?

ಹುಡುಗ ಏಳನೇ ಕ್ಲಾಸು. ಜ್ವಾಲಾಮುಖಿ ಮಾಡ್ತೀನಿ ಅಂದ. ಅಡುಗೆ ಸೋಡ, ನಿಂಬೆರಸ. ನೊರೆ ಉಕ್ಕುತ್ತೆ, ಬರೋದು ಕಾರ್ಬನ್ ಡೈಆಕ್ಸೈಡು. ನಾನು ಫ್ರಿಜ್ಜಿನಾಗೆ ಇದ್ದಾಗ ನನ್ನೊಳಗೂ ಅದೇ ಇತ್ತು. ಮುಚ್ಚಳ ಬಿಗಿಯದೇ ಇದ್ರೆ ಅಪಾಯ ಇಲ್ಲ. ಅಷ್ಟರಾಗೆ ಅಪ್ಪ ಬಂದ್ರು. ‘ಇದೇನಲೇ, ನೊರೆ ಸಾಲಲ್ಲ’ ಅಂತ ನನ್ನ ಕಡೆ ನೋಡಿದ್ರು. ಪಕ್ಕದಾಗಿದ್ದ ಬ್ಲೀಚಿಂಗ್ ಪೌಡರ್ ಕಡೆನೂ ನೋಡಿದ್ರು.

ಎರಡೂ ಬೆರೆತರೆ?

ಕ್ಲೋರಿನ್ ರೀ. 1915ರ ಏಪ್ರಿಲ್ 22ಕ್ಕೆ ಬೆಲ್ಜಿಯಂನ ಈಪ್ರ್ ಹತ್ತಿರ ಜರ್ಮನ್ನರು ಶತ್ರುಗಳ ಮೇಲೆ ಬಿಟ್ರಲ್ಲ, ಅದೇ. ಅವರಿಗೆ ಸಾವಿರಾರು ಸಿಲಿಂಡರ್ ಬೇಕಾಯ್ತು. ನಮ್ಮನೇಲಿ ಕಿಟಕಿ ಮುಚ್ಚಿದ ಬಚ್ಚಲು, ಒಂದು ಮಗ್ಗು ಸಾಕು. ಗಾಳಿಗಿಂತ ಎರಡೂವರೆ ಪಟ್ಟು ಭಾರ, ಕೆಳಗೇ ಕೂರುತ್ತೆ. ಮಕ್ಕಳ ಮೂಗು ಇರೋದೂ ಅಲ್ಲೇ.

ಅಪ್ಪನಿಗೆ ಇದು ಗೊತ್ತಿಲ್ಲವೇ?

ಗೊತ್ತಿಲ್ದೆ ಏನು! ಹರಿಹರ ದಾಟಿ, ಹೊಳೆ ಆಚೆ ಕುಮಾರಪಟ್ಟಣದ ಕಡೆ ಕಾರ್ಖಾನೆ ಕೆಲಸ. ಅಲ್ಲಿ ಹೆಲ್ಮೆಟ್ಟು, ಗಾಗಲ್ಸು, ಗ್ಲೌಸು. ಒಂದೊಂದು ಟ್ಯಾಂಕಿಗೂ ಹೆಸರು. ‘ಸುರಕ್ಷತೆ ಮೊದಲು’ ಬೋರ್ಡಿನ ಕೆಳಗೆ ನಿಂತು ತೆಗೆಸ್ಕೊಂಡ ಫೋಟೋನೇ ವಾಟ್ಸ್ಯಾಪ್ ಡಿಪಿ. ಮನೇಲಿ ಬನಿಯನ್ನು, ಲುಂಗಿ, ಹವಾಯಿ ಚಪ್ಪಲಿ.

ದೊಡ್ಡ ವಿಜ್ಞಾನಿಗಳೂ ಪೆಟ್ಟು ತಿಂದವರೇ ಅಲ್ಲವೇ?

ತಿಂದವ್ರೆ. ಫ್ರಾನ್ಸಿನ ಡ್ಯೂಲಾಂಗ್ ನೈಟ್ರೋಜನ್ ಟ್ರೈಕ್ಲೋರೈಡ್ ಮಾಡೋಕೆ ಹೋಗಿ ಒಂದು ಕಣ್ಣು, ಎರಡು ಬೆರಳು ಕಳ್ಕೊಂಡ. 1812ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಅದನ್ನೇ ಮುಟ್ಟಿ ಕಣ್ಣಿಗೆ ಏಟು ತಿಂದ, ಬರ್ಕೊಡೋಕೆ ಆಳು ಬೇಕಾಗಿ ಫ್ಯಾರಡೆಯನ್ನ ಕರೆಸ್ಕೊಂಡ. ಕಣ್ಣಿಗೆ ಏಟು ಬಿದ್ದೋರ ಮನೆಗೆಲ್ಲ ಫ್ಯಾರಡೆ ಬರಲ್ಲ, ಅದನ್ನ ಹುಡುಗನ ಅಪ್ಪಂಗೆ ಹೇಳ್ರಿ.

ನೀವು ಯಾರ ಮೈಮೇಲಾದರೂ ಬಿದ್ದರೆ?

ಇಪ್ಪತ್ತು ನಿಮಿಷ ಹರಿಯೋ ನೀರಿನ ಕೆಳಗೆ ಹಿಡೀಬೇಕು. ಇವರು ಮೊದಲು ಹುಡುಕೋದು ಟೂತ್‌ಪೇಸ್ಟು. ಯಾರಾದ್ರೂ ಕುಡಿದುಬಿಟ್ರೆ ವಾಂತಿ ಮಾಡಿಸಬಾರದು, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಓಡಬೇಕು. ಇಳಿಯುವಾಗ ಸುಟ್ಟಿದ್ದು ಹತ್ತುವಾಗ್ಲೂ ಸುಡುತ್ತೆ. ಎಲ್ಲ ಮುಗಿದ ಮೇಲೆ ಬೈಸ್ಕೊಳ್ಳೋದು ಯಾರು? ‘ಸೈನ್ಸೂ ಬ್ಯಾಡ ಗೀನ್ಸೂ ಬ್ಯಾಡ, ಗೈಡ್ ಓದು’ ಅಂತ ಆ ಹುಡುಗ. ಪಾಪ, ಅವನು ಕೇಳಿದ್ದು ಒಂದು ನಿಂಬೆಹಣ್ಣು.

ಮುಂದಿನ ಯೋಜನೆ?

ಖಾಲಿ ಆದ್ಮೇಲೆ ಮನಿಪ್ಲಾಂಟ್ ಹಾಕ್ತೀನಿ ಅಂತ ಅಮ್ಮಾವ್ರು. ಅಜ್ಜಿ ಒಪ್ಪಿಲ್ಲ. ಅಮಾವಾಸ್ಯೆಗೆ ಹರಿಹರೇಶ್ವರನ ಗುಡಿಗೆ ಹೋಗೋದೈತೆ, ತುಂಗಭದ್ರೆ ನೀರು ತೀರ್ಥಕ್ಕೆ ತರೋಕೆ ಬಾಟ್ಲಿ ಬೇಕು, ಚೆನ್ನಾಗಿ ತೊಳೆದಿಡ್ರಿ ಅಂದವ್ರೆ.